ಹಲ್ಲು ಕೀಳಿಸಿದ ಮೇಲೂ ದವಡೆ ನೋವು ಹೋಗಿಲ್ಲ, ಯಾಕೆ?

ಪ್ರಶ್ನೆ: ಬಲಗಡೆ ಕೆನ್ನೆ, ದವಡೆ ಆರು ತಿಂಗಳಿಂದ ನೋಯುತ್ತಿದೆ. ಒಂದು ಹಲ್ಲು ಕೀಳಿಸಿದ್ದೂ ಆಯಿತು. ಇನ್ನೊಂದನ್ನೂ ಕೀಳಿಸಲಾ?

ಬೇಡ, ಸ್ವಲ್ಪ ತಡೆಯಿರಿ. ಮುಖದ ಒಂದು ಕಡೆಯ ಹಣೆ, ಕೆನ್ನೆ, ಹಲ್ಲು, ದವಡೆ ಎಲ್ಲಕ್ಕೂ ಒಂದೇ ದೊಡ್ಡ ನರ, ಅದು ಮೂರು ಕವಲಾಗಿ ಹರಡಿರುತ್ತದೆ, ಹಾಗಾಗಿ ತೊಂದರೆ ಒಂದು ಜಾಗದಲ್ಲಿದ್ದು ನೋವು ಅದೇ ಬದಿಯ ಇನ್ನೊಂದು ಜಾಗದಲ್ಲಿ ಕಾಣಿಸಿಕೊಳ್ಳುವುದು ಮಾಮೂಲು. ಎಲ್ಲಿ ನೋಯುತ್ತದೆ ಅನ್ನುವುದಕ್ಕಿಂತ ಯಾವಾಗ, ಎಷ್ಟು ಹೊತ್ತು ನೋಯುತ್ತದೆ ಅಂತ ಗಮನಿಸಿ.

ಬಿಸಿ ಕಾಫಿ ಕುಡಿದ ಮೇಲೆ ಎಷ್ಟೋ ಹೊತ್ತು ಜುಮುಗುಟ್ಟಿದರೆ ಹಲ್ಲಿನದ್ದೇ. ಚಕ್ಕುಲಿ ಕಚ್ಚಿ ಬಿಟ್ಟಾಗ ಚುಳ್ ಅಂದರೆ ಹಲ್ಲು ಸೀಳಿರಬಹುದು, ಇದು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ನೆಗಡಿಯ ಜೊತೆಗೆ ಮೇಲಿನ ದವಡೆಯ ಹಿಂದಿನ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತಾ, ಬಗ್ಗಿದರೆ ಜಾಸ್ತಿ ಆದರೆ ಸೈನಸ್ ಕಡೆ ಅನುಮಾನ ಪಡಿ. ಊಟಕ್ಕೆ ಕೂತ ಕೂಡಲೇ ದವಡೆ ಕೆಳಗೆ ಊದಿ, ಆಮೇಲೆ ಇಳಿದರೆ ಜೊಲ್ಲಿನ ನಾಳದಲ್ಲಿ ಕಲ್ಲು ಇರಬಹುದು.

ಈಗ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಆಡುತ್ತದಲ್ಲ, ಅದೇ ದವಡೆಯ ಕೀಲು. ಬರೀ ಲಟ್ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅಲ್ಲೇ ಒತ್ತಿದರೆ ನೋವು, ಬೆಳಿಗ್ಗೆ ಎದ್ದಾಗ ದವಡೆ ಬಿಗಿ, ಮೂರು ಬೆರಳು ಒಂದರ ಮೇಲೊಂದಿಟ್ಟರೆ ಬಾಯೊಳಗೆ ಹೋಗುವುದಿಲ್ಲ ಅಂದರೆ, ರಾತ್ರಿ ಹಲ್ಲು ಕಡಿಯುತ್ತೀರಾ ಅಂತ ಪಕ್ಕದಲ್ಲಿ ಮಲಗುವವರನ್ನೇ ಕೇಳಿ! ಇದಕ್ಕೆ ಹೆಚ್ಚಿನವರಿಗೆ ಮೆತ್ತನೆ ಊಟ, ಬಿಸಿ ಶಾಖ, ರಾತ್ರಿ ಹಲ್ಲಿಗೆ ಹಾಕುವ ಗಾರ್ಡ್ ಇಷ್ಟೇ ಸಾಕಾಗುತ್ತದೆ. ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ತೆರೆಯಲು ಆಗದೆ ಖಾರ ಉರಿಯುತ್ತಿದ್ದರೆ ಅದು ಬೇರೆ ಕಾಯಿಲೆ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು, ತಡ ಮಾಡಬೇಡಿ.

ನಮ್ಮ ಸೋದರತ್ತೆಯದ್ದು ಇನ್ನೊಂದೇ ಕಥೆ. ಬಸ್ಸಿನಲ್ಲಿ ಕಿಟಕಿ ಗಾಳಿ ತಾಗದಂತೆ ಸೆರಗನ್ನು ಕೆನ್ನೆಗೆ ಹಿಡಿದುಕೊಂಡೇ ಕೂರುತ್ತಿದ್ದರು, ಹಲ್ಲುಜ್ಜುತ್ತಿದ್ದದ್ದು ಒಂದೇ ಕಡೆ. ಕರೆಂಟ್ ಹೊಡೆದ ಹಾಗೆ ಕೆಲವೇ ಸೆಕೆಂಡು ಬಂದು ಹೋಗುವ ನೋವು. ಎರಡು ಒಳ್ಳೆ ಹಲ್ಲು ಸುಮ್ನೆ ಹೋದವು. ಕೊನೆಗೆ ಗೊತ್ತಾಗಿದ್ದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಆ ದೊಡ್ಡ ನರದ್ದೇ ತೊಂದರೆ. ಎಷ್ಟೋ ಜನರಲ್ಲಿ ಮೆದುಳಿನ ಬುಡದಲ್ಲಿ ರಕ್ತನಾಳವೊಂದು ನರವನ್ನು ಒತ್ತುತ್ತಿರುತ್ತದೆ. 50 ದಾಟಿದವರಲ್ಲಿ ಇದು ಜಾಸ್ತಿ. ಮಾಮೂಲಿ ನೋವಿನ ಮಾತ್ರೆಗೆ ಬಗ್ಗುವುದಿಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪೈನ್‌ಗೆ ಬಗ್ಗುತ್ತದೆ, ಆದರೆ ಮಾತ್ರೆ ಶುರುವಾದ ಮೇಲೆ ಮೈಮೇಲೆ ಗುಳ್ಳೆ ಎದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು.

ಒಂದು ವಿಷಯದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ಮೆಟ್ಟಿಲು ಹತ್ತಿದಾಗ ದವಡೆ ಹಿಡಿದು, ಕೂತರೆ ಬಿಡುತ್ತಿದ್ದರೆ ಅದು ಹೃದಯದ್ದಿರಬಹುದು, ಬೇಗ ತೋರಿಸಿ. ಕೂತರೂ ಬಿಡದೆ ಬೆವರು, ಉಸಿರು ಕಟ್ಟುವುದು ಜೊತೆಗಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ಉಳಿದಂತೆ ಮೊದಲು ಹಲ್ಲಿನ ಡಾಕ್ಟರೇ ಸರಿ, ಒಂದೊಂದೇ ಹಲ್ಲು ತಟ್ಟಿ, ತಣ್ಣಗಿನದ್ದು ಮುಟ್ಟಿಸಿ ನೋಡಲಿ. ಹಲ್ಲೂ ಕೀಲೂ ಚೆನ್ನಾಗಿದ್ದು ಕರೆಂಟ್ ಥರದ ನೋವಾದರೆ ನರರೋಗ ತಜ್ಞರ ಹತ್ತಿರ ಹೋಗಿ, ಅವರು ಎಂಆರ್‌ಐ ಬರೆಯಬಹುದು. ಹೋಗುವ ಮುಂಚೆ ಒಂದು ವಾರ ನೋವು ಬಂದ ಹೊತ್ತು, ಆಗ ಏನು ಮಾಡುತ್ತಿದ್ದಿರಿ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಡಾಕ್ಟರ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದೆ ಅಲ್ವಾ.