ಬಟ್ಟೆ ಎಲ್ಲರದು, ರಿವೆಟ್ ಮಾತ್ರ ನಮ್ಮದು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಗಲ್ಲಿಗೆ ಹೋದರೆ ಮಷೀನುಗಳ ಗದ್ದಲದ ನಡುವೆ ಟಕ್ ಟಕ್ ಅನ್ನುವ ಸದ್ದೂ ಕೇಳುತ್ತದೆ. ಜೇಬಿನ ಮೂಲೆಗೆ ರಿವೆಟ್ ಕೂರಿಸುವ ಸದ್ದು. 1873ರಲ್ಲಿ ಅಮೆರಿಕದಲ್ಲಿ ಈ ಉಪಾಯಕ್ಕೆ ಪೇಟೆಂಟ್ ಸಿಕ್ಕಿತ್ತು. ಪಡೆದವರು ಜೇಕಬ್ ಡೇವಿಸ್ ಎಂಬ ದರ್ಜಿ, ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ. ಬಟ್ಟೆಯೂ ಹಳೆಯದು, ಪ್ಯಾಂಟೂ ಹಳೆಯದು. ಹರಿಯುವ ಜಾಗಕ್ಕೆ ರಿವೆಟ್ ಹೊಡೆಯುವುದಷ್ಟೇ ಅವರದು. ಅವಧಿ ಮುಗಿದ ಮೇಲೆ ಅದೂ ಎಲ್ಲರದಾಯಿತು.

ಅದೇ ಗಲ್ಲಿಯಿಂದ ಹೊಸ ಪ್ಯಾಂಟಿನ ಫೋಟೊ ವಾಟ್ಸ್ಯಾಪ್‌ನಲ್ಲಿ ಹೋಗುತ್ತದಲ್ಲ, ಬೇರೆಯವರು ನೋಡದಂತೆ ಅದಕ್ಕೆ ಹಾಕುವ ಬೀಗಕ್ಕೆ ಎರಡು ಫೋನುಗಳು ಕೀಲಿ ಹೊಂದಿಸಿಕೊಳ್ಳುವುದು ಎಲಿಪ್ಟಿಕ್ ಕರ್ವ್ ಎಂಬ ಗಣಿತದಿಂದ. ಒಂದು ಬಾಗಿದ ಗೆರೆ, ಅದರ ಮೇಲೊಂದು ಚುಕ್ಕೆ. ಒಂದು ನಿಯಮದಂತೆ ಆ ಚುಕ್ಕೆಗೆ ಅದನ್ನೇ ಕೂಡಿಸುತ್ತಾ ಹೋದರೆ ಅದು ಎಲ್ಲೆಲ್ಲೋ ಜಿಗಿಯುತ್ತದೆ. ಎಷ್ಟು ಸಲ ಕೂಡಿಸಬೇಕೆಂದು ಗೊತ್ತಿದ್ದರೆ ಕೊನೆಯ ಜಾಗ ಥಟ್ಟನೆ ಸಿಗುತ್ತದೆ. ಮೊದಲ ಮತ್ತು ಕೊನೆಯ ಜಾಗ ಮಾತ್ರ ತೋರಿಸಿ ‘ಎಷ್ಟು ಸಲ?’ ಅಂದರೆ ಇಂದಿನ ಕಂಪ್ಯೂಟರುಗಳು ಸುಸ್ತು. ಆ ‘ಎಷ್ಟು ಸಲ’ ಎಂಬ ಲೆಕ್ಕವೇ ಗುಟ್ಟಿನ ಕೀಲಿ. ಹಳೆಯ ಆರ್‌ಎಸ್‌ಎ ಬೀಗಕ್ಕೆ 3072 ಬಿಟ್ ಉದ್ದದ ಕೀಲಿ ಬೇಕಾದ ಕಡೆ ಇದಕ್ಕೆ 256 ಸಾಕು.

1985ರಲ್ಲಿ ನೀಲ್ ಕೋಬ್ಲಿಟ್ಸ್, ವಿಕ್ಟರ್ ಮಿಲ್ಲರ್ ಎಂಬ ಗಣಿತಜ್ಞರು ಇದನ್ನು ಬೇರೆಬೇರೆಯಾಗಿ ಯೋಚಿಸಿದರು. ಮೂಲ ಯೋಚನೆಗೆ ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಬಟ್ಟೆ ಎಲ್ಲರದಾಗಿ ಉಳಿಯಿತು. ರಿವೆಟ್ ಹಿಡಿದು ಬಂದದ್ದು ಕೆನಡಾದ ಸರ್ಟಿಕಾಮ್ ಕಂಪನಿ. ಕೀಲಿ ಹೊಂದಿಸುವ ‘ಎಂಕ್ಯೂವಿ’ ವಿಧಾನ, ಚುಕ್ಕೆಯ ವಿಳಾಸವನ್ನು ಚಿಕ್ಕದಾಗಿ ಬರೆಯುವ ಉಪಾಯ, ಹೀಗೆ 100ಕ್ಕೂ ಜಾಸ್ತಿ ಪೇಟೆಂಟ್ ತನ್ನದೆಂದಿತು. ತಮಾಷೆ ಏನೆಂದರೆ, ಕೀಲಿ ಹೊಂದಿಸುವಾಗ ಚುಕ್ಕೆಯ ವಿಳಾಸವಾದ ಎರಡು ಸಂಖ್ಯೆಗಳಲ್ಲಿ ಒಂದನ್ನು ಕಳಿಸಿದರೆ ಸಾಕು ಎಂದು ಮಿಲ್ಲರ್ ತಮ್ಮ ಮೊದಲ ಪ್ರಬಂಧದಲ್ಲೇ ಬರೆದಿದ್ದರು! ಆದರೂ 2003ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 26 ಪೇಟೆಂಟುಗಳ ಪರವಾನಗಿಗೆ 2.5 ಕೋಟಿ ಡಾಲರ್ ಕೊಟ್ಟಿತು. 2007ರಲ್ಲಿ ಸೋನಿ ಮೇಲೆ ಸರ್ಟಿಕಾಮ್ ಕೇಸು ಹಾಕಿತು. 2009ರಲ್ಲಿ ಅದು ರಾಜಿಯಾಯಿತು.

ನಮ್ಮ ದೇಶದ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನಕ್ಕೆ, ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ ಅನ್ನುತ್ತದೆ. ಅಮೆರಿಕದಲ್ಲಿ ಅಷ್ಟು ಸಲೀಸಲ್ಲ. ಯಾವುದು ಬಟ್ಟೆ, ಯಾವುದು ರಿವೆಟ್ ಎಂದು ಹೇಳುವ ಧೈರ್ಯ ವಕೀಲರಿಗೂ ಇರಲಿಲ್ಲ. ಅದಕ್ಕೇ 2011ರಲ್ಲಿ ಕೆಲವು ಎಂಜಿನಿಯರ್‌ಗಳು ಪೇಟೆಂಟಿನ ತಂಟೆ ಬೇಡವೆಂದು 1994 ಮತ್ತು ಅದಕ್ಕಿಂತ ಹಿಂದಿನ ಬರಹಗಳನ್ನಷ್ಟೇ ಹುಡುಕಿ ತೆಗೆದು, ಅವುಗಳಿಂದಲೇ ಈ ಬೀಗ ಕಟ್ಟುವುದು ಹೇಗೆಂದು ಬರೆದಿಟ್ಟರು. ಕಂಪ್ಯೂಟರ್ ನಡೆಸಲು ಉಚಿತವಾಗಿ ಸಿಗುವ ತಂತ್ರಾಂಶ ಫೆಡೋರಾ ಲಿನಕ್ಸ್‌ನವರಂತೂ ರಿವೆಟ್‌ಗೆ ಹೆದರಿ ಪ್ಯಾಂಟನ್ನೇ ಬಿಟ್ಟಿದ್ದರು. ಇಂಥ ಬೀಗ ಹಾಕುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನಿಂದ ಈ ಗಣಿತವನ್ನೇ ತೆಗೆದು ಹಂಚುತ್ತಿದ್ದರು. ವಾಪಸ್ ಸೇರಿಸಿದ್ದು 2013ರಲ್ಲಿ.