ಯುರೋಪಿನ ಸಂಶೋಧನಾ ಹಣ ಯಾರ ಪಾಲಿಗೆ? ಒಂದು ಅಧ್ಯಯನ ಟಿಪ್ಪಣಿ

ವಿಜ್ಞಾನ ನೀತಿ, ಪ್ರಾದೇಶಿಕ ಅಸಮಾನತೆ, ಯುರೋಪಿಯನ್ ಒಕ್ಕೂಟ, ಈ ಮೂರರಲ್ಲಿ ಯಾವುದನ್ನು ಓದುತ್ತಿದ್ದರೂ ಈ ವಿಷಯ ಎದುರಾಗುತ್ತದೆ. ಒಂದೇ ಅರ್ಜಿ ನಮೂನೆ, ಒಂದೇ ನಿಯಮ, ಎಲ್ಲರಿಗೂ ತೆರೆದ ಸ್ಪರ್ಧೆ. ಆದರೂ ಹಣ ಮಾತ್ರ ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಊರುಗಳಿಗೆ ಹೋಗುತ್ತದೆ. ಯಾಕೆ? "ಪಕ್ಷಪಾತ" ಅಂತ ಒಂದೇ ಪದದಲ್ಲಿ ಉತ್ತರ ಬರೆದರೆ ಅರ್ಧ ಅಂಕವೂ ಸಿಗುವುದಿಲ್ಲ. ಸ್ಪರ್ಧೆಯ ಫಲಿತಾಂಶ ಬಹುಪಾಲು ಸ್ಪರ್ಧೆಗಿಂತ ಮೊದಲೇ ತೀರ್ಮಾನ ಆಗಿರುತ್ತದೆ ಎನ್ನುವುದು ನನ್ನ ಓದು. ಅದು ಹೇಗೆ ಅಂತ ನೋಡೋಣ.

ಮೊದಲು ಹಣದ ಲೆಕ್ಕ

ಯುರೋಪಿಯನ್ ಒಕ್ಕೂಟ 1984ರಿಂದ ಬಹುವಾರ್ಷಿಕ ಸಂಶೋಧನಾ ಕಾರ್ಯಕ್ರಮಗಳನ್ನು ನಡೆಸುತ್ತಿದೆ. 2014ರಿಂದ 2020ರವರೆಗೆ ಇದ್ದದ್ದು ಹೊರೈಜನ್ 2020, ಸುಮಾರು 8,000 ಕೋಟಿ ಯೂರೋ. ಈಗ ನಡೆಯುತ್ತಿರುವುದು ಹೊರೈಜನ್ ಯುರೋಪ್, 2021ರಿಂದ 2027ರವರೆಗೆ. ಆರಂಭದ ಬಜೆಟ್ 9,550 ಕೋಟಿ ಯೂರೋ, ಆಮೇಲೆ ಸ್ವಲ್ಪ ಕತ್ತರಿ ಬಿತ್ತು. ಇದರಲ್ಲಿ ಸುಮಾರು 1,600 ಕೋಟಿ ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ಗೆ ಹೋಗುತ್ತದೆ. ಮುಂದೆ ಇದನ್ನು ಇಆರ್‌ಸಿ ಅಂತಲೇ ಬರೆಯುತ್ತೇನೆ.

ಇಆರ್‌ಸಿ ಶುರುವಾದದ್ದು 2007ರಲ್ಲಿ. ಅದರ ನಿಯಮ ತುಂಬಾ ಸರಳ: ಉತ್ಕೃಷ್ಟತೆ ಒಂದೇ ಅಳತೆ. ದೇಶಕ್ಕೆ ಇಷ್ಟು ಅಂತ ಕೋಟಾ ಇಲ್ಲ. ಅರ್ಜಿ ಹಾಕುವವರು ಯಾವ ದೇಶದವರಾದರೂ ಸರಿ, ಕೆಲಸ ಮಾಡುವ ಸಂಸ್ಥೆ ಮಾತ್ರ ಒಕ್ಕೂಟದ ಅಥವಾ ಕಾರ್ಯಕ್ರಮಕ್ಕೆ ಸೇರಿಕೊಂಡ ದೇಶದಲ್ಲಿರಬೇಕು. ವೃತ್ತಿಯ ಆರಂಭದಲ್ಲಿರುವವರಿಗೆ ಸ್ಟಾರ್ಟಿಂಗ್ ಗ್ರಾಂಟ್, ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ. ಆಮೇಲೆ ಕನ್ಸಾಲಿಡೇಟರ್, 20 ಲಕ್ಷ. ಹಿರಿಯರಿಗೆ ಅಡ್ವಾನ್ಸ್‌ಡ್, 25 ಲಕ್ಷ. ಎಂಟು ಹತ್ತು ಅರ್ಜಿಗಳಲ್ಲಿ ಒಂದು ಗೆಲ್ಲುತ್ತದೆ ಅಂತಿಟ್ಟುಕೊಳ್ಳಿ.

ಗೆಲ್ಲುವವರು ಯಾರು? ಜರ್ಮನಿ, ಬ್ರಿಟನ್, ಫ್ರಾನ್ಸ್, ನೆದರ್ಲೆಂಡ್ಸ್ ಪಟ್ಟಿಯ ಮೇಲ್ಭಾಗ ಬಿಟ್ಟುಕೊಡುವುದಿಲ್ಲ. ಬಲ್ಗೇರಿಯಾ, ರೊಮೇನಿಯಾ, ಸ್ಲೊವಾಕಿಯಾ ತಳದಲ್ಲಿ, ಬೆರಳೆಣಿಕೆಯ ಗ್ರಾಂಟ್‌ಗಳೊಂದಿಗೆ.

ಪುಸ್ತಕಗಳಲ್ಲಿ "ಇಯು-13" ಎಂಬ ಗುಂಪು ಪದೇ ಪದೇ ಬರುತ್ತದೆ. 2004ರಲ್ಲಿ ಒಕ್ಕೂಟ ಸೇರಿದ ಹತ್ತು ದೇಶಗಳು, 2007ರ ಬಲ್ಗೇರಿಯಾ ಮತ್ತು ರೊಮೇನಿಯಾ, 2013ರ ಕ್ರೊಯೇಷಿಯಾ, ಒಟ್ಟು ಹದಿಮೂರು. ಒಕ್ಕೂಟದ ಜನಸಂಖ್ಯೆಯಲ್ಲಿ ಇವರು ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಹೊರೈಜನ್ 2020ರ ಹಣದಲ್ಲಿ ಇವರಿಗೆ ಸಿಕ್ಕಿದ್ದು ಸುಮಾರು ಶೇ. 5.

ಯಾವುದರಿಂದ ಭಾಗಿಸುತ್ತೀರಿ?

ಇಲ್ಲಿ ನಿಧಾನಿಸಬೇಕು. ಈ ಶೇ. 5 ಅನ್ನು ನೋಡಿ ತಕ್ಷಣ ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಅದನ್ನು ಜನಸಂಖ್ಯೆಗೆ ಹೋಲಿಸಿದರೆ ಒಂದು ಚಿತ್ರ, ಆ ದೇಶಗಳು ಸ್ವಂತವಾಗಿ ಸಂಶೋಧನೆಗೆ ಮಾಡುವ ಖರ್ಚಿಗೆ ಹೋಲಿಸಿದರೆ ಬೇರೆಯೇ ಚಿತ್ರ. ಸ್ವೀಡನ್ ತನ್ನ ಜಿಡಿಪಿಯ ಶೇ. 3ಕ್ಕಿಂತ ಹೆಚ್ಚನ್ನು ಸಂಶೋಧನೆಗೆ ಹಾಕುತ್ತದೆ. ರೊಮೇನಿಯಾ ಹಾಕುವುದು ಸುಮಾರು ಶೇ. 0.5. ಜಿಡಿಪಿಯ ಶೇ. 3 ಎಂಬ ಗುರಿಯನ್ನು ಒಕ್ಕೂಟ 2002ರಲ್ಲೇ ಬಾರ್ಸಿಲೋನಾದಲ್ಲಿ ಇಟ್ಟುಕೊಂಡಿತ್ತು. ಇವತ್ತಿಗೂ ಒಟ್ಟಾರೆ ಸರಾಸರಿ ಶೇ. 2ರ ಸ್ವಲ್ಪ ಮೇಲೆ ನಿಂತಿದೆ. ದೇಶದ ಸ್ವಂತ ಸಂಶೋಧನಾ ಖರ್ಚನ್ನು ಅಳತೆಗೋಲಾಗಿ ಇಟ್ಟರೆ ಪೂರ್ವ ಮತ್ತು ಪಶ್ಚಿಮದ ಅಂತರ ಬಹಳಷ್ಟು ಕುಗ್ಗುತ್ತದೆ. ತಲಾವಾರು ಲೆಕ್ಕ ಹಾಕಿದರೆ ಸೈಪ್ರಸ್ ಮತ್ತು ಎಸ್ಟೋನಿಯಾ ಸರಾಸರಿಗಿಂತ ಮೇಲೆಯೇ ಇವೆ. ಹಾಗಾಗಿ "ಪೂರ್ವ ಯುರೋಪ್ ಸೋಲುತ್ತಿದೆ" ಅಂತ ಸುಮ್ನೆ ಬರೆದುಬಿಡಬೇಡಿ. ಯಾವ ಅಳತೆಯಲ್ಲಿ ಅಂತ ಹೇಳಿ.

ಇನ್ನೊಂದು ಸೂಕ್ಷ್ಮ ಇದೆ, ಸಂಬಳದ್ದು. ಒಕ್ಕೂಟದ ಪ್ರಾಜೆಕ್ಟ್‌ನಲ್ಲಿ ಸಂಶೋಧಕರಿಗೆ ಅವರವರ ಸಂಸ್ಥೆಯ ನಿಜವಾದ ಸಂಬಳದ ಆಧಾರದ ಮೇಲೆ ಹಣ ಸಿಗುತ್ತದೆ. ಒಂದೇ ಪ್ರಾಜೆಕ್ಟ್, ಒಂದೇ ಕೆಲಸ, ಅಷ್ಟೇ ತಿಂಗಳು. ಕೋಪನ್‌ಹೇಗನ್‌ನವರ ಬಿಲ್ ದೊಡ್ಡದು, ಬಲ್ಗೇರಿಯಾದ ರಾಜಧಾನಿ ಸೋಫಿಯಾದವರ ಬಿಲ್ ಚಿಕ್ಕದು. ಕಚೇರಿ, ಕರೆಂಟು, ಆಡಳಿತದ ಖರ್ಚಿಗೆಂದು ಕೊಡುವ ಓವರ್‌ಹೆಡ್ ನೇರ ಖರ್ಚಿನ ಶೇ. 25. ಮೂಲ ಚಿಕ್ಕದಾದರೆ ಅದರ ಕಾಲು ಭಾಗವೂ ಚಿಕ್ಕದೇ. ಹೀಗಾಗಿ ಇಯು-13ರ ಭಾಗವಹಿಸುವಿಕೆಯ ಪಾಲು ಹಣದ ಪಾಲಿಗಿಂತ ಜಾಸ್ತಿ ಇದೆ. ಇದನ್ನು ಪೂರ್ವದ ದೇಶಗಳು ವರ್ಷಗಳಿಂದ ತಕರಾರಾಗಿ ಎತ್ತುತ್ತಿವೆ. "ಸಮಾನ ಕೆಲಸಕ್ಕೆ ಸಮಾನ ಹಣ ಕೊಡಿ" ಎಂಬ ವಾದ. ಹೊರೈಜನ್ 2020ರಲ್ಲಿ ವರ್ಷಕ್ಕೆ 8,000 ಯೂರೋವರೆಗೆ ಹೆಚ್ಚುವರಿ ಸಂಭಾವನೆಗೆ ಅವಕಾಶ ಕೊಟ್ಟಿದ್ದರು. ಮೂಲ ಅಂತರ ಅದರಿಂದ ಮುಚ್ಚಲಿಲ್ಲ.

ಅರ್ಜಿಗಿಂತ ಮುಂಚಿನ ಕಥೆ

ಇಆರ್‌ಸಿ ಅರ್ಜಿಯಲ್ಲಿ ಎರಡು ಹಂತ. ಮೊದಲ ಹಂತದಲ್ಲಿ ಐಡಿಯಾದ ಸಂಕ್ಷಿಪ್ತ ರೂಪ ಮತ್ತು ಸಂಶೋಧಕರ ಹಿಂದಿನ ಸಾಧನೆ. ಅದರಲ್ಲಿ ಪಾಸಾದರೆ ಪೂರ್ಣ ಪ್ರಪೋಸಲ್ ಓದುತ್ತಾರೆ, ಆಮೇಲೆ ಸಂದರ್ಶನ. ಬಿ ಅಥವಾ ಸಿ ಗ್ರೇಡ್ ಬಂದರೆ ಮತ್ತೆ ಅರ್ಜಿ ಹಾಕಲು ಕಾಯಬೇಕಾಗಬಹುದು. ಅಂದರೆ ಸೋಲಿಗೂ ಬೆಲೆ ಇದೆ.

ಈಗ ಇಬ್ಬರನ್ನು ಕಲ್ಪಿಸಿಕೊಳ್ಳಿ, ಇಬ್ಬರೂ ಅಷ್ಟೇ ಬುದ್ಧಿವಂತರು. ಒಬ್ಬರು ಬೆಲ್ಜಿಯಂನ ದೊಡ್ಡ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಇದಕ್ಕೆಂದೇ ಒಂದು ಕಚೇರಿ ಇದೆ, ಡ್ರಾಫ್ಟ್ ಓದಲು ಜನ ಇದ್ದಾರೆ, ಪಕ್ಕದ ಕೋಣೆಯಲ್ಲಿ ಗ್ರಾಂಟ್ ಗೆದ್ದವರಿದ್ದಾರೆ, ಸಂದರ್ಶನಕ್ಕೆ ಮೊದಲು ಅಣಕು ಸಂದರ್ಶನ ಮಾಡಿಸುತ್ತಾರೆ. ಇನ್ನೊಬ್ಬರು ಪೂರ್ವ ರೊಮೇನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ, ವಾರಕ್ಕೆ ಹೊರೆಗಟ್ಟಲೆ ಪಾಠ. ಊರಲ್ಲಿ ಯಾರೂ ಈ ಗ್ರಾಂಟ್ ಗೆದ್ದಿಲ್ಲ. ಡ್ರಾಫ್ಟ್ ತೋರಿಸೋಣ ಅಂದರೆ ಯಾರಿಗೆ ತೋರಿಸುವುದು? ಇವರು ಅರ್ಜಿಯನ್ನೇ ಹಾಕದೆ ಬಿಡುವ ಸಾಧ್ಯತೆ ಜಾಸ್ತಿ. ಹಾಕದ ಅರ್ಜಿ ಯಾವ ಅಂಕಿ ಅಂಶದಲ್ಲೂ ಕಾಣುವುದಿಲ್ಲ. ಯಶಸ್ಸಿನ ಪ್ರಮಾಣದ ಕೋಷ್ಟಕ ಓದುವಾಗ ಇದು ನೆನಪಿರಲಿ. ಹಲವು ದೇಶಗಳ ಸಂಸ್ಥೆಗಳು ಸೇರಿ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಪೂರ್ವ ಮತ್ತು ಪಶ್ಚಿಮದ ಯಶಸ್ಸಿನ ಪ್ರಮಾಣದ ಅಂತರ ಅಷ್ಟೇನೂ ದೊಡ್ಡದಲ್ಲ. ಇಆರ್‌ಸಿಯಲ್ಲಿ ಅಂತರ ಎದ್ದು ಕಾಣುತ್ತದೆ. ಆ ಅಂತರದ ಜೊತೆಗೆ ಅರ್ಜಿಗಳೇ ಕಡಿಮೆ.

ಒಮ್ಮೆ ಗೆದ್ದವರು ಮತ್ತೆ ಗೆಲ್ಲುವುದು ಇನ್ನೊಂದು ಕೊಂಡಿ. ಇದಕ್ಕೆ ಮ್ಯಾಥ್ಯೂ ಪರಿಣಾಮ ಎನ್ನುತ್ತಾರೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ವಿವರಿಸಿದ್ದು: ಹೆಸರಿದ್ದವರಿಗೇ ಇನ್ನಷ್ಟು ಹೆಸರು. ಇದಕ್ಕೆ ಒಳ್ಳೆಯ ಪುರಾವೆ 2018ರ ಒಂದು ಡಚ್ ಅಧ್ಯಯನ, ಪರೀಕ್ಷೆಯಲ್ಲಿ ಉದಾಹರಣೆಯಾಗಿ ಖಂಡಿತ ಬಳಸಿ. ನೆದರ್ಲೆಂಡ್ಸ್‌ನಲ್ಲಿ ಹೊಸ ಪಿಎಚ್‌ಡಿಗಳಿಗೆ ವೇನಿ ಎಂಬ ಗ್ರಾಂಟ್ ಇದೆ. ಕಟ್‌ಆಫ್‌ಗೆ ಕೂದಲೆಳೆಯಷ್ಟು ಮೇಲಿದ್ದವರನ್ನೂ ಕೂದಲೆಳೆಯಷ್ಟು ಕೆಳಗಿದ್ದವರನ್ನೂ ಹೋಲಿಸಿದರು. ಅಂಕ ಹೆಚ್ಚುಕಡಿಮೆ ಒಂದೇ, ಅಂದರೆ ಯೋಗ್ಯತೆಯಲ್ಲಿ ವ್ಯತ್ಯಾಸ ಇಲ್ಲವೆನ್ನಬಹುದು. ಮುಂದಿನ ಎಂಟು ವರ್ಷಗಳಲ್ಲಿ ಗೆದ್ದವರು ಸೋತವರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಂಶೋಧನಾ ಹಣ ಪಡೆದಿದ್ದರು. ಇದಕ್ಕೆ ಒಂದು ಕಾರಣ, ಸೋತವರು ಮುಂದೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು. ಅದೂ ಒಂದೇ ಶ್ರೀಮಂತ ದೇಶದ ಒಳಗೆ! ಇಡೀ ಖಂಡಕ್ಕೆ ಇದನ್ನು ಹರಡಿ ನೋಡಿದರೆ, "ಉತ್ಕೃಷ್ಟತೆ ಒಂದೇ ಅಳತೆ" ಎಂಬ ನಿಯಮ ಹಿಂದಿನ ಹಣವನ್ನೂ ಅಳೆಯುತ್ತಿದೆ ಎಂಬುದು ಗೊತ್ತಾಗುತ್ತದೆ.

ಜನ ಬೇರೆ, ಜಾಗ ಬೇರೆ

ಅಂಕಿಗಳನ್ನು ಓದುವಾಗ ಸಂಶೋಧಕರ ರಾಷ್ಟ್ರೀಯತೆ ಮತ್ತು ಸಂಸ್ಥೆ ಇರುವ ದೇಶ ಎರಡನ್ನೂ ಬೇರೆ ಬೇರೆ ನೋಡಬೇಕು. ಇಟಲಿ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಕನ್ಸಾಲಿಡೇಟರ್ ಸುತ್ತಿನಲ್ಲಿ 47 ಇಟಾಲಿಯನ್ನರು ಗೆದ್ದರು, ರಾಷ್ಟ್ರೀಯತೆಯ ಲೆಕ್ಕದಲ್ಲಿ ಮೊದಲ ಸ್ಥಾನ. ಅವರಲ್ಲಿ ಇಟಲಿಯಲ್ಲೇ ಕೆಲಸ ಮಾಡುವವರು ಅರ್ಧಕ್ಕಿಂತ ಕಡಿಮೆ. ಹಂಗೇರಿಯಲ್ಲಿ ಹುಟ್ಟಿ 2023ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಫೆರೆಂಕ್ ಕ್ರೌಸ್ ಆಗ ಕೆಲಸ ಮಾಡುತ್ತಿದ್ದದ್ದು ಜರ್ಮನಿಯ ಗಾರ್ಚಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ. ಮೇಲಾಗಿ ಇಆರ್‌ಸಿ ಗ್ರಾಂಟ್ ವ್ಯಕ್ತಿಯ ಹಿಂದೆಯೇ ಹೋಗುತ್ತದೆ. ಇವತ್ತು ವಾರ್ಸಾದಲ್ಲಿ ಗೆದ್ದು ನಾಳೆ ಜ್ಯೂರಿಕ್‌ನಿಂದ ಕರೆ ಬಂದರೆ ಹಣದ ಸಮೇತ ಹೊರಡಬಹುದು. ಸಂಶೋಧಕರಿಗೆ ಇದು ನ್ಯಾಯ, ಕಳಿಸುವ ಊರಿಗೆ ನಷ್ಟ. ಎರಡೂ ನಿಜ.

ದೇಶದ ಒಳಗೂ ಇದೇ ಕಥೆ. ಸ್ಪೇನಿನ ಇಆರ್‌ಸಿ ಗ್ರಾಂಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಕ್ಯಾಟಲೋನಿಯಾ ಪ್ರಾಂತ್ಯಕ್ಕೆ ಹೋಗುತ್ತವೆ. ಇದು ತನ್ನಿಂತಾನೇ ಆದದ್ದಲ್ಲ. ಕ್ಯಾಟಲೋನಿಯಾ ಸರ್ಕಾರ 2001ರಲ್ಲಿ ಐಕ್ರಿಯಾ ಎಂಬ ಸಂಸ್ಥೆ ಕಟ್ಟಿತು. ಪ್ರಪಂಚದ ಎಲ್ಲಿಂದಲಾದರೂ ಒಳ್ಳೆಯ ಸಂಶೋಧಕರನ್ನು ಕರೆಸಿ, ಸ್ಪೇನಿನ ಸರ್ಕಾರಿ ಉದ್ಯೋಗದ ಗಂಟುಗಳಿಗೆ ಸಿಕ್ಕಿಸದೆ ಖಾಯಂ ಕೆಲಸ ಕೊಡುವುದೇ ಅದರ ಕೆಲಸ. ಆರು ವರ್ಷಗಳ ನಂತರ ಇಆರ್‌ಸಿ ಬಂದಾಗ ಅದರ ರಾಜಧಾನಿ ಬಾರ್ಸಿಲೋನಾ ತಯಾರಾಗಿ ನಿಂತಿತ್ತು.

ಸರಿಪಡಿಸಲು ಏನು ಮಾಡಿದ್ದಾರೆ?

ಎರಡು ದಾರಿ. ಒಂದು, ಬಡ ಪ್ರದೇಶಗಳಿಗೆ ಕೊಡುವ ಪ್ರಾದೇಶಿಕ ಅಭಿವೃದ್ಧಿ ನಿಧಿಯಿಂದ ಪ್ರಯೋಗಾಲಯ ಕಟ್ಟುವುದು. ಇದರಲ್ಲಿ ಒಂದು ವಿಚಿತ್ರ ಜೆಕ್ ದೇಶದಲ್ಲಿ ಸಿಗುತ್ತದೆ. ಪ್ರಾಗ್ ನಗರ ತಲಾ ಆದಾಯದಲ್ಲಿ ಶ್ರೀಮಂತ, ಹಾಗಾಗಿ 2007ರಿಂದ 2013ರ ಅವಧಿಯಲ್ಲಿ ಹಿಂದುಳಿದ ಪ್ರದೇಶಗಳ ಹಣಕ್ಕೆ ಅದು ಅರ್ಹವಲ್ಲ. ಆದರೆ ದೇಶದ ವಿಜ್ಞಾನಿಗಳು ಹೆಚ್ಚಾಗಿ ಇರುವುದೇ ಪ್ರಾಗ್‌ನಲ್ಲಿ. ಏನು ಮಾಡಿದರು? ನಗರದ ಗಡಿ ದಾಟಿದ ತಕ್ಷಣ ಸಿಗುವ ಡೋಲ್ನಿ ಬ್ರೆಜಾನಿ ಎಂಬ ಹಳ್ಳಿಯಲ್ಲಿ ಎಲಿ ಬೀಮ್‌ಲೈನ್ಸ್ ಎಂಬ ಭಾರೀ ಲೇಸರ್ ಕೇಂದ್ರ ಕಟ್ಟಿದರು. ಅದರ ಹತ್ತಿರದ ವೆಸ್ಟೆಕ್‌ನಲ್ಲಿ ಬಯೋಸೆವ್ ಎಂಬ ಜೀವವಿಜ್ಞಾನ ಕೇಂದ್ರ. ನಕ್ಷೆಯಲ್ಲಿ ಅದು ಮಧ್ಯ ಬೊಹೀಮಿಯಾ, ಪ್ರಾಗ್ ಅಲ್ಲ. ಪ್ರಾಗ್‌ನ ವಿಜ್ಞಾನಿಗಳಿಗೆ ಓಡಾಡುವಷ್ಟೇ ದೂರ. ಕಾನೂನಿನ ಪ್ರಕಾರ ಎಲ್ಲ ಸರಿ. ಹಿಂದುಳಿದ ಪ್ರದೇಶಕ್ಕೆ ಹೋದ ಹಣ ಅಂತ ಲೆಕ್ಕದಲ್ಲಿ ಬರುವುದು ಯಾವಾಗಲೂ ಹಿಂದುಳಿದವರಿಗೆ ಹೋದ ಹಣ ಅಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಚೆಂದದ ಉದಾಹರಣೆ ಗೊತ್ತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಇದೇ ಹಣದಿಂದ ಪ್ರಾಗ್‌ನಿಂದ ದೂರದ ಬ್ರ್ನೋದಲ್ಲಿ ಸೀಟೆಕ್ ಎಂಬ ಸಂಶೋಧನಾ ಕೇಂದ್ರ ಕೂಡ ಎದ್ದಿತು, ಹಂಗೇರಿಯ ಸೆಗೆಡ್‌ನಲ್ಲಿ ಇನ್ನೊಂದು ಲೇಸರ್ ಕೇಂದ್ರವೂ ಬಂತು.

ಎರಡನೆಯದು ಹೊರೈಜನ್ ಒಳಗಿನ "ವೈಡನಿಂಗ್" ಯೋಜನೆಗಳು, ಅಂದರೆ ಹಿಂದೆ ಬಿದ್ದ ದೇಶಗಳ ಭಾಗವಹಿಸುವಿಕೆ ಹೆಚ್ಚಿಸುವಂಥವು. ಇದಕ್ಕೆ ಅರ್ಹವಾದ ಸದಸ್ಯ ದೇಶಗಳು ಈಗ 15: ಇಯು-13 ಜೊತೆಗೆ ಪೋರ್ಚುಗಲ್ ಮತ್ತು ಗ್ರೀಸ್. ಹೊರೈಜನ್ 2020ರಲ್ಲಿ ಬಜೆಟ್‌ನ ಸುಮಾರು ಶೇ. 1 ಇದ್ದದ್ದು ಈಗ ಶೇ. 3ರ ಮೇಲೆ. ಟೀಮಿಂಗ್ ಇದರಲ್ಲಿ ದೊಡ್ಡದು: ಪಶ್ಚಿಮದ ಹೆಸರಾಂತ ಸಂಸ್ಥೆಯ ಜೊತೆ ಸೇರಿ ಹೊಸ ಕೇಂದ್ರ ಕಟ್ಟುವುದು, 1.5 ಕೋಟಿ ಯೂರೋವರೆಗೆ. ಅಷ್ಟೇ ಹಣವನ್ನು ಆ ದೇಶವೂ ಹಾಕಬೇಕು. ಸೈಪ್ರಸ್‌ನ ಕಿಯೋಸ್ ಎಂಬ ಕೇಂದ್ರ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೊತೆ, ಸೋಫಿಯಾದ ಗೇಟ್ ಎಂಬ ಕೇಂದ್ರ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಜೊತೆ ಬೆಳೆದದ್ದು ಹೀಗೆ. ಟ್ವಿನಿಂಗ್ (ಮುಂದಿರುವ ಸಂಸ್ಥೆಗಳ ಜೊತೆ ನಂಟು ಬೆಳೆಸುವುದು), ಇಆರ್‌ಎ ಚೇರ್ಸ್ (ಹೆಸರಾಂತ ಸಂಶೋಧಕರೊಬ್ಬರನ್ನು ಸಂಸ್ಥೆಗೆ ಕರೆಸುವುದು; ಇಆರ್‌ಎ ಅಂದರೆ ಯುರೋಪಿಯನ್ ರಿಸರ್ಚ್ ಏರಿಯಾ, ಇಆರ್‌ಸಿ ಅಲ್ಲ) ಚಿಕ್ಕವು. ಹಾಪ್ ಆನ್ ಅಂದರೆ ನಡೆಯುತ್ತಿರುವ ಪ್ರಾಜೆಕ್ಟ್‌ಗೆ ಈ ದೇಶಗಳ ಒಬ್ಬ ಪಾಲುದಾರರನ್ನು ಹೆಚ್ಚುವರಿ ಹಣ ಕೊಟ್ಟು ಹತ್ತಿಸಿಕೊಳ್ಳುವುದು.

ಒಕ್ಕೂಟದ ಲೆಕ್ಕಪರಿಶೋಧಕರು 2022ರಲ್ಲಿ ಈ ಯೋಜನೆಗಳನ್ನು ತಪಾಸಣೆ ಮಾಡಿದರು. ಯೋಜನೆಗಳ ವಿನ್ಯಾಸ ಚೆನ್ನಾಗಿದೆ, ಆದರೆ ಬಾಳಿಕೆ ಬರುವ ಬದಲಾವಣೆ ಹೆಚ್ಚಾಗಿ ಆಯಾ ದೇಶದ ಸರ್ಕಾರದ ಕೈಯಲ್ಲಿದೆ ಎಂದು ಬರೆದರು. ಟೀಮಿಂಗ್‌ಗೆ ಸ್ವಂತ ಸರ್ಕಾರದಿಂದ ಬರಬೇಕಿದ್ದ ಪಾಲು ತಡವಾಗಿ ಬಂದದ್ದೂ ಇದೆ. ನನಗೂ ಹಾಗೇ ಅನ್ನಿಸುತ್ತದೆ. ಬ್ರಸೆಲ್ಸ್, ಅಂದರೆ ಒಕ್ಕೂಟ, ದ್ವೀಪಗಳಂಥ ಒಂಟಿ ಕೇಂದ್ರಗಳನ್ನು ಕಟ್ಟಬಲ್ಲದು. ಸುತ್ತಲಿನ ವಿಶ್ವವಿದ್ಯಾಲಯಗಳಲ್ಲಿ ಸಂಬಳ, ನೇಮಕಾತಿ, ಪಾಠದ ಹೊರೆ ಹಾಗೇ ಇದ್ದರೆ ಆ ದ್ವೀಪದ ಯುವ ಸಂಶೋಧಕರು ಕೊನೆಗೆ ಮ್ಯೂನಿಕ್ ವಿಮಾನವನ್ನೇ ಹತ್ತುತ್ತಾರೆ. ಪೋಲೆಂಡ್ 2011ರಲ್ಲಿ ಕ್ರಾಕೋವ್‌ನಲ್ಲಿ ಸ್ವಂತ ರಾಷ್ಟ್ರೀಯ ವಿಜ್ಞಾನ ಕೇಂದ್ರ ತೆರೆದು ದೇಶದೊಳಗೇ ಸ್ಪರ್ಧೆಯ ಅಭ್ಯಾಸ ಬೆಳೆಸಿದ್ದು, ಇಆರ್‌ಸಿ ಗೆದ್ದವರ ತಂಡದಲ್ಲಿ ಕೆಲಕಾಲ ಇದ್ದು ಬರಲು ಸಂಶೋಧಕರಿಗೆ ಹಣ ಕೊಟ್ಟದ್ದು, ಇವು ಸಣ್ಣ ಹೆಜ್ಜೆಗಳಾದರೂ ರೋಗದ ಬುಡಕ್ಕೆ ಹತ್ತಿರ.

ರಾಜಕೀಯವೂ ಇದೆ. 2022ರ ಡಿಸೆಂಬರ್‌ನಲ್ಲಿ ಕಾನೂನಿನ ಆಳ್ವಿಕೆಯ ಪ್ರಶ್ನೆ ಎತ್ತಿ ಒಕ್ಕೂಟ ಹಂಗೇರಿಯ ಟ್ರಸ್ಟ್‌ಗಳ ಕೈಗೆ ಹೋದ ವಿಶ್ವವಿದ್ಯಾಲಯಗಳಿಗೆ ಹೊಸ ಹಣ ಕೊಡುವುದನ್ನು ನಿಲ್ಲಿಸಿತು. ಇಆರ್‌ಸಿಯ ಆರಂಭದ ವರ್ಷಗಳಲ್ಲಿ ಇಯು-13ರಲ್ಲಿ ಮುಂದಿದ್ದದ್ದು ಹಂಗೇರಿಯೇ. ಜಗಳ ಸರ್ಕಾರದ್ದು, ಬಾಗಿಲು ಮುಚ್ಚಿದ್ದು ಪ್ರಯೋಗಾಲಯದ್ದು.

2028ರಿಂದ 2034ರ ಮುಂದಿನ ಕಾರ್ಯಕ್ರಮಕ್ಕೆ ಯುರೋಪಿಯನ್ ಆಯೋಗ 2025ರ ಜುಲೈನಲ್ಲಿ 17,500 ಕೋಟಿ ಯೂರೋ ಪ್ರಸ್ತಾಪಿಸಿದೆ. ವೈಡನಿಂಗ್ ಚರ್ಚೆ ಮತ್ತೆ ಶುರುವಾಗಿದೆ.

ನಮ್ಮವರಿಗೆ ಉಪಯೋಗವಾಗುವ ಒಂದು ಮಾತು

ಬೆಂಗಳೂರು, ಮೈಸೂರು, ಧಾರವಾಡದಿಂದ ಯುರೋಪಿಗೆ ಪೋಸ್ಟ್‌ಡಾಕ್ ಹೋಗಲು ನೋಡುವವರು ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕುವುದುಂಟು. 2025ರಲ್ಲಿ ಅದಕ್ಕೆ 17 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು, ಪೈಪೋಟಿ ಎಷ್ಟು ಅಂತ ಊಹಿಸಿ. ಆತಿಥೇಯ ಸಂಸ್ಥೆ ವೈಡನಿಂಗ್ ದೇಶದಲ್ಲಿದ್ದರೆ, ಉದಾಹರಣೆಗೆ ಪ್ರಾಗ್, ತಾರ್ತು ಅಥವಾ ಲಿಸ್ಬನ್‌ನಲ್ಲಿ, ಒಂದು ಎರಡನೇ ಅವಕಾಶ ಇದೆ. ಮುಖ್ಯ ಪಟ್ಟಿಯಲ್ಲಿ ಹಣ ಸಿಗದಿದ್ದರೂ ಕನಿಷ್ಠ ಅಂಕ ದಾಟಿದ್ದರೆ ಅದೇ ಅರ್ಜಿ ಇಆರ್‌ಎ ಫೆಲೋಶಿಪ್‌ಗೆ ಪರಿಗಣನೆಯಾಗುತ್ತದೆ. ಬೇರೆ ಪ್ರಪೋಸಲ್ ಬರೆಯಬೇಕಿಲ್ಲ. ಅರ್ಜಿ ಫಾರ್ಮ್‌ನಲ್ಲೇ ಇದರ ಆಯ್ಕೆ ಇರುತ್ತದೆ, ಓದದೆ ಮುಂದಿನ ಪುಟಕ್ಕೆ ಹೋಗಬೇಡಿ.