ಉಣ್ಣೆ ಕಚ್ಚಿದೆ, ರಕ್ತ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ಹೋದ ಭಾನುವಾರ ಹೆಬ್ರಿ ಹತ್ತಿರದ ನಮ್ಮ ಹಳೇ ಮನೆಗೆ ಹೋಗಿದ್ದೆವು. ಮಕ್ಕಳ ಜೊತೆ ಮನೆ ಹಿಂದಿನ ಹಾಡಿಯಲ್ಲಿ, ಅಂದರೆ ಕಾಡಿನಲ್ಲಿ ಸುತ್ತಾಡಿದೆವು. ಉಡುಪಿಗೆ ವಾಪಸ್ ಬಂದ ಮೇಲೆ ನೋಡಿದರೆ ಮೊಣಕಾಲಿನ ಹಿಂದೆ ಒಂದು ಉಣ್ಣೆ ಕಚ್ಚಿ ಕೂತಿತ್ತು. ಕಿತ್ತು ಹಾಕಿದೆ. ಜ್ವರ ಏನೂ ಇಲ್ಲ, ಆದರೆ ಮಂಗನ ಕಾಯಿಲೆಯ ಹೆದರಿಕೆ. ರಕ್ತ ಪರೀಕ್ಷೆ ಮಾಡಿಸಬೇಕಾ?

ಬೇಡ. ಜ್ವರವೇ ಇಲ್ಲದಾಗ ರಕ್ತ ಕೊಟ್ಟರೆ ವರದಿಯಿಂದ ಏನೂ ಗೊತ್ತಾಗುವುದಿಲ್ಲ, ದುಡ್ಡು ದಂಡ ಅಷ್ಟೇ. ಮಂಗನ ಕಾಯಿಲೆ ಉಣ್ಣೆ ಕಚ್ಚಿ ಬರುವ ವೈರಸ್ ಜ್ವರ, ಆದರೆ ಕಚ್ಚುವ ಎಲ್ಲ ಉಣ್ಣೆಯಲ್ಲೂ ಆ ವೈರಸ್ ಇರುವುದಿಲ್ಲ. ಸದ್ಯಕ್ಕೆ ಒಂದು ಸಣ್ಣ ಕೆಲಸ ಮಾಡಿ: ಹಾಡಿಗೆ ಹೋದ ತಾರೀಕನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಉಣ್ಣೆ ಕಚ್ಚಿದ 3ರಿಂದ 8 ದಿನದೊಳಗೆ ಶುರುವಾಗುತ್ತದೆ. ಉಣ್ಣೆಯಿಂದ ಬರುವ ಬೇರೆ ಜ್ವರಗಳು ಸ್ವಲ್ಪ ತಡವಾಗಿ ಬರುವುದೂ ಉಂಟು. ಹಾಗಾಗಿ 3 ವಾರ ಗಮನ ಇಟ್ಟುಕೊಳ್ಳಿ. ಅಷ್ಟರಲ್ಲಿ ಜ್ವರ ಬಂದರೆ ಪರೀಕ್ಷೆಗೆ ಅರ್ಥ ಇದೆ. ಮೊದಲ ಕೆಲವು ದಿನ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ, ಆಮೇಲಾದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಮಾಡುತ್ತಾರೆ.

ನಿಜವಾದ ತೊಂದರೆ ಇರುವುದು ಬೇರೆ ಕಡೆ. ಕರಾವಳಿಯ ನಮ್ಮಲ್ಲಿ ಸುಮಾರು ಜನ ಇರುವುದು ಉಡುಪಿಯಲ್ಲೋ ಮಂಗಳೂರಿನ ಫ್ಲ್ಯಾಟ್‌ನಲ್ಲೋ. ತೋಟ, ತರವಾಡು, ನಾಗಬನ ಎಲ್ಲ ಇರುವುದು ಘಟ್ಟದ ಬುಡದಲ್ಲಿ. ರಜೆಯಲ್ಲಿ ಹೋಗಿ ಬರುತ್ತೇವೆ. ಉಣ್ಣೆ ಕಚ್ಚುವುದು ಅಲ್ಲಿ, ಜ್ವರ ಬರುವುದು ಇಲ್ಲಿ. ಇಲ್ಲಿ ಜ್ವರ ಅಂದ ತಕ್ಷಣ ಡಾಕ್ಟರಿಗೆ ನೆನಪಾಗುವುದು ಡೆಂಗಿ, ಮಲೇರಿಯಾ, ಇಲಿ ಜ್ವರ. ಅದು ತಪ್ಪೂ ಅಲ್ಲ, ನಮ್ಮೂರಲ್ಲಿ ಜಾಸ್ತಿ ಇರುವುದು ಅವೇ ಅಲ್ವಾ? ಆದರೆ ಮಂಗನ ಕಾಯಿಲೆಯಲ್ಲೂ ಡೆಂಗಿಯ ಹಾಗೆಯೇ ಪ್ಲೇಟ್‌ಲೆಟ್ ಇಳಿಯುತ್ತದೆ, ಬಿಳಿ ರಕ್ತಕಣ ಕಡಿಮೆಯಾಗುತ್ತದೆ. ಡೆಂಗಿ ನೆಗೆಟಿವ್ ಬಂತು, ಯಾವುದೋ ವೈರಲ್ ಜ್ವರ ಇರಬೇಕು ಅಂತ ಅಲ್ಲಿಗೇ ಬಿಟ್ಟರೆ ಮುಗಿಯಿತು. ಆದ್ದರಿಂದ ಕ್ಲಿನಿಕ್‌ನಲ್ಲಿ ಕೂತ ತಕ್ಷಣ, ಅವರು ಕೇಳುವ ಮೊದಲೇ ಹೇಳಿ: 'ಡಾಕ್ಟ್ರೇ, ಇಂಥ ತಾರೀಕಿಗೆ ಹೆಬ್ರಿ ಕಡೆ ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿತ್ತು.' ಕಚ್ಚಿದ್ದು ಕಾಣದಿದ್ದರೂ ಕಾಡಿಗೆ ಹೋಗಿದ್ದನ್ನು ಹೇಳಿ. ಎಷ್ಟೋ ಜನರಿಗೆ ಕಚ್ಚಿದ್ದೇ ಗೊತ್ತಾಗಿರುವುದಿಲ್ಲ.

ಈ ಜ್ವರ ನಿಧಾನಕ್ಕೆ ಏರುವುದಲ್ಲ. ದಿಢೀರ್ ಅಂತ ಚಳಿ ಹಿಡಿದು ಬರುತ್ತದೆ. ಹಣೆ ಸಿಡಿಯುವ ತಲೆನೋವು, ಸೊಂಟ, ಮೀನಖಂಡ ಎಲ್ಲ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಹೆಚ್ಚಿನವರು ಗುಣವಾಗುತ್ತಾರೆ. ಆದರೆ 100ರಲ್ಲಿ 10ರಿಂದ 20 ಜನರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. ಆಗ ಕುತ್ತಿಗೆ ಸೆಟೆಯುವುದು, ಕೈ ನಡುಗುವುದು, ಮಾತು ತಡವರಿಸುವುದು ಇರಬಹುದು. ಅಂಥ ಸಮಯದಲ್ಲಿ ಮನೆಯಲ್ಲಿ ಕೂರಬಾರದು. ಸಾವಿನ ಪ್ರಮಾಣ ಶೇಕಡಾ 3ರಿಂದ 5 ಅಂತ ಹೇಳುತ್ತಾರೆ. ವೈರಸ್‌ಗೆ ಅಂತಲೇ ಮದ್ದಿಲ್ಲ. ಬೇಗ ಅಡ್ಮಿಟ್ ಆಗಿ, ನೀರಿನಂಶ ಕಾಪಾಡಿಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಡುವುದೇ ಚಿಕಿತ್ಸೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವಿಗೆ 'ಒಂದು ಇಂಜೆಕ್ಷನ್ ಹಾಕಿಬಿಡಿ' ಅಂತ ದುಂಬಾಲು ಬೀಳಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮದ್ದು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಇದು ಘಟ್ಟದ ಮೇಲಿನ ಕಾಯಿಲೆ, ನಮಗೇನು ಅನ್ನುವವರಿದ್ದಾರೆ. 1957ರಲ್ಲಿ ಮೊದಲು ಪತ್ತೆಯಾಗಿದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ನಿಜ. ಆದರೆ 1980ರ ದಶಕದ ಆರಂಭದಲ್ಲಿ ಇದು ದೊಡ್ಡದಾಗಿ ಕಾಡಿದ್ದು ನಮ್ಮ ಬೆಳ್ತಂಗಡಿ ತಾಲೂಕನ್ನು. ಗೇರು ತೋಟಕ್ಕಾಗಿ ನಿಡ್ಲೆ ಕಡೆಯ ಕಾಡು ಕಡಿದ ಸಮಯ ಅದು. ಮಂಗ ಸಾಯುವುದು, ಹಿಂದೆಯೇ ಮನುಷ್ಯರಿಗೆ ಜ್ವರ, ಹೀಗೆ ಹಬ್ಬಿತು. ಮಂಗನೂ ಮುಸುವನೂ ನಮ್ಮ ಹಾಗೆಯೇ ಈ ವೈರಸ್‌ಗೆ ಬಲಿಯಾಗುವ ಪ್ರಾಣಿಗಳು. ಸತ್ತ ಮಂಗನ ಮೈಯಿಂದ ಉಣ್ಣೆ ಇಳಿದು ಸುತ್ತಲಿನ ನೆಲದಲ್ಲೆಲ್ಲ ಹರಡುತ್ತದೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯುವ ಉಮೇದು ಬೇಡ. ಪಂಚಾಯತಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಒಂದು ಫೋನ್ ಸಾಕು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಜ್ವರ ಬಂದವರನ್ನು ಬೇರೆ ಕೋಣೆಯಲ್ಲಿ ಇಡಬೇಕಾಗಿಲ್ಲ.

ಈಗ ಕೀಳುವ ವಿಷಯ. ನೀವು ಹೇಗೆ ಕಿತ್ತಿರಿ ಅಂತ ಬರೆದಿಲ್ಲ. ನಮ್ಮವರಿಗೆ ಮಳೆಗಾಲದ ಇಂಬಳ ಗೊತ್ತು. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಮುಟ್ಟಿಸಿದರೆ ಬಿಟ್ಟು ಬೀಳುತ್ತದೆ. ಅದೇ ವಿದ್ಯೆಯನ್ನು ಉಣ್ಣೆಯ ಮೇಲೂ ತೋರಿಸುತ್ತಾರೆ. ಸೀಮೆಎಣ್ಣೆ, ಬೆಂಕಿಕಡ್ಡಿಯೂ ಬರುತ್ತದೆ. ಯಾವುದೂ ಬೇಡ. ಉಣ್ಣೆ ಬಾಯನ್ನು ಚರ್ಮದೊಳಗೆ ನೆಟ್ಟು, ಅಂಟು ಹಾಕಿಕೊಂಡು ಕೂತಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಕಿರಿಕಿರಿ ಮಾಡಿದರೆ ಹೊಟ್ಟೆಯೊಳಗಿದ್ದದ್ದನ್ನೂ ಜೊಲ್ಲನ್ನೂ ಗಾಯದೊಳಗೆ ಕಕ್ಕಬಹುದು.

ಚೂಪು ತುದಿಯ ಚಿಮಟ ತಗೊಳ್ಳಿ. ಊದಿದ ಹೊಟ್ಟೆಯನ್ನು ಹಿಡಿಯಬೇಡಿ. ಚರ್ಮಕ್ಕೆ ತಾಗಿದ ಹಾಗೆ, ತಲೆಯ ಬುಡದಲ್ಲಿ ಹಿಡಿಯಿರಿ. ತಿರುಚದೆ, ಜಗ್ಗದೆ, ಒಂದೇ ಸಮ ನೇರ ಮೇಲಕ್ಕೆ ಎಳೆಯಿರಿ. ಚರ್ಮ ಸಣ್ಣ ಗುಡಾರದ ಹಾಗೆ ಎದ್ದು ಬರುತ್ತದೆ, ಹಾಗೇ ಹಿಡಿದಿರಿ, ಸ್ವಲ್ಪ ಹೊತ್ತಿಗೆ ಕಳಚಿಕೊಳ್ಳುತ್ತದೆ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ತಾನಾಗಿ ಹೊರಬರುತ್ತದೆ. ಸೋಪು ಹಾಕಿ ತೊಳೆಯಿರಿ. ಉಗುರಿನಲ್ಲಿ 'ಟಪ್' ಅನಿಸುವ ಚಟ ಮಾತ್ರ ಬಿಡಿ. ಆ ರಸ ಉಗುರಿನ ಸಂದಿಗೆ, ಅಲ್ಲಿಂದ ಕಣ್ಣಿಗೆ ಹೋಗಬಾರದು. ಸೆಲ್ಲೋಟೇಪಿನಲ್ಲಿ ಅಂಟಿಸಿ ಮಡಚಿ ಕಸಕ್ಕೆ ಹಾಕಿ.

ನೆಟ್‌ನಲ್ಲಿ ಹುಡುಕಿದರೆ '24 ಗಂಟೆಯೊಳಗೆ ಕಿತ್ತರೆ ಏನೂ ಆಗುವುದಿಲ್ಲ' ಅಂತ ಸಿಗುತ್ತದೆ. ಅದು ಅಮೆರಿಕ, ಯುರೋಪಿನಲ್ಲಿ ಜಾಸ್ತಿ ಇರುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾದ ಲೆಕ್ಕ. ಉಣ್ಣೆಯ ಜೊಲ್ಲಿನಲ್ಲೇ ಇರುವ ವೈರಸ್‌ಗೆ ಆ ಲೆಕ್ಕ ನಡೆಯುವುದಿಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುವ ಸಲಹೆಯೂ ಅಲ್ಲಿಂದಲೇ ಬಂದದ್ದು. ಮಂಗನ ಕಾಯಿಲೆಗೆ ಅದು ಕೆಲಸ ಮಾಡದು. ಆದರೆ ನುಸಿಯ (ಸೊಳ್ಳೆಯಲ್ಲ, ಮೈಟ್ ಅನ್ನುವ ಸಣ್ಣ ಹುಳ) ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ ಅದೇ ಒಳ್ಳೆ ಮದ್ದು. ಆ ಜ್ವರ ನಮ್ಮ ಕಡೆಯೂ ಉಂಟು. ಹಾಗಾಗಿ ಜ್ವರದ ಜೊತೆ ಕಂಕುಳು, ತೊಡೆಸಂದಿಯಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಂಡರೆ ಡಾಕ್ಟರಿಗೆ ತೋರಿಸಿ, ನಾಚಿಕೆ ಬೇಡ.

ಇನ್ನು ಮುಂದೆ ಹಾಡಿಗೆ ಹೋಗಬಾರದಾ ಅಂದರೆ, ಹೋಗಿ. ಕಾಲ ನೋಡಿ ಹೋಗಿ. ಮನುಷ್ಯರನ್ನು ಜಾಸ್ತಿ ಕಚ್ಚುವುದು ದೊಡ್ಡ ಉಣ್ಣೆಯಲ್ಲ, ರಾಗಿ ಕಾಳಿನಷ್ಟಿರುವ ಮರಿ. ಅದರ ಸುಗ್ಗಿ ದೀಪಾವಳಿ ಕಳೆದ ಮೇಲೆ ಶುರುವಾಗಿ ಪತ್ತನಾಜೆ (ಮೇ ಕೊನೆ) ಹೊತ್ತಿನವರೆಗೆ. ನಮ್ಮ ಜಾತ್ರೆ, ನೇಮ, ಚಾರಣ ಎಲ್ಲ ಇರುವುದೂ ಅದೇ ಸಮಯದಲ್ಲಿ, ಏನು ಮಾಡುವುದು. ಉಣ್ಣೆ ಹಾರುವುದಿಲ್ಲ, ಮರದಿಂದ ಜಿಗಿಯುವುದೂ ಇಲ್ಲ. ಹುಲ್ಲು, ತರಗೆಲೆ ಮೇಲೆ ಮುಂಗಾಲು ಚಾಚಿ ಕಾಯುತ್ತದೆ, ಉಜ್ಜಿ ಹೋದವರಿಗೆ ಹತ್ತಿಕೊಳ್ಳುತ್ತದೆ. ಹಾಗಾಗಿ ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿ, ಅಂಚನ್ನು ಸಾಕ್ಸ್ ಒಳಗೆ ಸೇರಿಸಿ. ತರಗೆಲೆ ಮೇಲೆ ಕೂರಬೇಡಿ. ಕಾಯಿಲೆ ಇರುವ ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆ ಉಣ್ಣೆಯನ್ನು ದೂರ ಇಡುವ ಡೆಪಾ ಎಣ್ಣೆಯನ್ನು ಪುಕ್ಕಟೆ ಕೊಡುತ್ತದೆ, ಕೈಕಾಲಿಗೆ ಹಚ್ಚಿಕೊಳ್ಳುವುದು. ತರಗೆಲೆ, ಸೌದೆ ತರುವವರು ಇದನ್ನು ಬಿಡಲೇಬಾರದು. ಕೆಲವೇ ಗಂಟೆ ಕೆಲಸ ಮಾಡುತ್ತದೆ, ಮತ್ತೆ ಹಚ್ಚಬೇಕು. ಮಂಗನ ಕಾಯಿಲೆಗೆ ಮೊದಲಿದ್ದ ಲಸಿಕೆ 2022ರಿಂದ ಇಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಮಕ್ಕಳ ಕಿವಿಯ ಹಿಂದೆ, ಕೂದಲ ಬುಡ, ಸೊಂಟದ ಎಲಾಸ್ಟಿಕ್ ಗೆರೆ ನೋಡಿ.

ಮನೆ ನಾಯಿಯ ಮೈಯಲ್ಲಿ ಸಿಗುವ ಕಂದು ಉಣ್ಣೆ ಬೇರೆ ಜಾತಿಯದು, ಅದಕ್ಕೂ ಮಂಗನ ಕಾಯಿಲೆಗೂ ಗಂಟು ಹಾಕಬೇಡಿ. ನಾಯಿಗೆ ಅದರಿಂದ ಬೇರೆ ಜ್ವರ ಬರುವುದರಿಂದ ವೆಟ್ ಹತ್ತಿರ ಮದ್ದು ಹಾಕಿಸಿ. ಹಾಡಿಗೆ ಮೇಯಲು ಹೋಗುವ ದನ ಇದ್ದರೆ ಮಾತ್ರ ಲೆಕ್ಕ ಬೇರೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಕಾಡಿನ ಉಣ್ಣೆಯನ್ನು ಹಟ್ಟಿಯವರೆಗೆ ಹೊತ್ತು ತರುತ್ತದೆ. ಊರಿನ ಪಶು ಆಸ್ಪತ್ರೆಯಲ್ಲಿ ಮೈಗೆ ಹಚ್ಚುವ ಔಷಧಿ ಕೇಳಿ.